ಬಾಯಲ್ಲೋ, ಹೊಟ್ಟೆಯಲ್ಲೋ: ಭತ್ತದ ವೈರಸ್ಸೂ ಜಿಗಿಹುಳವೂ

(ಮಲೆನಾಡಿನ ಒಂದು ಊರಿನಲ್ಲಿ ರೈತರು, ಕಾಲೇಜು ಹುಡುಗರು, ನಿವೃತ್ತ ಮೇಷ್ಟ್ರುಗಳು ಸೇರಿದ್ದ ಸಂಜೆ ಆಡಿದ ಮಾತಿನ ಬರಹ ರೂಪ ಇದು. ಎರಡೆರಡು ಸಲ ಹೇಳಿದ್ದನ್ನು ಒಂದಕ್ಕೆ ಇಳಿಸಿದ್ದೇನೆ. ಕರೆಂಟು ಹೋದಾಗಿನ ಹತ್ತು ನಿಮಿಷದ ಹರಟೆಯನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಒಂದು ಸಲ ಆ ಟ್ಯೂಬ್‌ಲೈಟ್ ಕಡೆ ನೋಡಿ. ಸುತ್ತ ಸಣ್ಣ ಸಣ್ಣ ಹಸಿರು ಹುಳ ಮುತ್ತಿಕೊಂಡಿವೆ, ಅಲ್ವಾ? ಈ ತಿಂಗಳಲ್ಲಿ ನಿಮ್ಮ ಮನೆಯ ಜಗಲಿ ದೀಪಕ್ಕೂ ಬರುತ್ತವೆ. ಊಟಕ್ಕೆ ಕೂತರೆ ಸಾರಿನ ತಟ್ಟೆಗೂ ಬೀಳುತ್ತವೆ. ಬಂಗಾಳದಲ್ಲಿ ಇವು ಕಾಳಿ ಪೂಜೆಯ ಹೊತ್ತಿಗೆ, ಅಂದರೆ ನಮ್ಮ ದೀಪಾವಳಿ ಹೊತ್ತಿಗೆ, ರಾಶಿ ರಾಶಿ ಬರುತ್ತವೆ. ಅಲ್ಲಿ ಇದರ ಹೆಸರು 'ಶ್ಯಾಮಾ ಪೋಕಾ'. ಶ್ಯಾಮಾ ಅಂದರೆ ಕಾಳಿ, ಪೋಕಾ ಅಂದರೆ ಹುಳ. ದೇವಿಯ ಹೆಸರು ಹೊತ್ತ ಹುಳ. ನಮ್ಮಲ್ಲಿ ಅಷ್ಟು ಮರ್ಯಾದೆ ಇಲ್ಲ, ಹಸಿರು ಜಿಗಿಹುಳ ಅನ್ನುತ್ತೇವೆ, ಮುಗಿಯಿತು.

ಈಗ ಮುಂದಿನ ಸಾಲಿನಿಂದ ಒಂದು ಗಾಜಿನ ಕೊಳವೆ ಕೊಡುತ್ತೇನೆ, ಕೈಯಿಂದ ಕೈಗೆ ದಾಟಿಸಿ. ಮುಚ್ಚಳ ತೆಗೀಬೇಡಿ. ಒಳಗಿರುವ ಹುಳ ಅಕ್ಕಿ ಕಾಳಿಗಿಂತ ಚಿಕ್ಕದು, ನಾಲ್ಕೈದು ಮಿಲಿಮೀಟರ್ ಇರಬಹುದು. ರೆಕ್ಕೆಯ ತುದಿ ಮಸಿಯಲ್ಲಿ ಅದ್ದಿದ ಹಾಗೆ ಕಪ್ಪಗಿದೆ. ಒಂದೊಂದು ರೆಕ್ಕೆಯ ನಡುವೆ ಒಂದು ಕಪ್ಪು ಚುಕ್ಕೆ ಇದ್ದರೆ ಗಂಡು. ಬೆರಳು ಹತ್ತಿರ ತಂದರೆ ನೇರವಾಗಿ ಓಡುವುದಿಲ್ಲ, ಏಡಿ ಥರ ಪಕ್ಕಕ್ಕೆ ಸರಿದು ಎಲೆಯ ಹಿಂದೆ ಅಡಗುತ್ತದೆ. ಇದನ್ನು ಒಂದು ಸಲ ಗಮನಿಸಿದವರು ಜಿಗಿಹುಳವನ್ನು ಮತ್ತೆ ಯಾವತ್ತೂ ಮರೆಯುವುದಿಲ್ಲ.

ಇಷ್ಟು ಚಿಕ್ಕ ಹುಳ ಒಂದು ಎಕರೆ ಗದ್ದೆಯ ರಸ ಕುಡಿದು ಎಷ್ಟು ಕುಡಿದೀತು? ತೊಂದರೆ ಅದು ಕುಡಿಯುವುದರಿಂದ ಅಷ್ಟಾಗಿ ಅಲ್ಲ, ಉಗುಳುವುದರಿಂದ. ಡೆಂಗಿ ಸೊಳ್ಳೆಯ ಕಥೆ ನಿಮಗೆ ಗೊತ್ತು. ಮಂಗನ ಕಾಯಿಲೆ ಅಂತೂ ಇಲ್ಲಿಯದೇ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ್ದು. ಅಲ್ಲಿ ಉಣುಗು, ಇಲ್ಲಿ ಜಿಗಿಹುಳ. ಕಾಯಿಲೆ ಬೀಳುವುದು ಭತ್ತ.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ವಿಷಯ. ವೈರಸ್ಸು ಹುಳದ ಒಳಗೆ ಎಲ್ಲಿ ಕೂತಿದೆ? ಬಾಯಲ್ಲೋ, ಹೊಟ್ಟೆಯಲ್ಲೋ? ಪ್ರಶ್ನೆ ಸಣ್ಣದು ಅನ್ನಿಸುತ್ತದೆ. ಆದರೆ ಯಾವಾಗ ನಾಟಿ ಮಾಡಬೇಕು, ಔಷಧಿ ಹೊಡೆದರೆ ಪ್ರಯೋಜನ ಇದೆಯಾ, ಕೂಳೆ ಉಳಬೇಕಾ, ಇವೆಲ್ಲದರ ಉತ್ತರ ಇದರ ಮೇಲೆ ನಿಂತಿದೆ.

ಮೊದಲು ಬಾಯಿಯ ವಿಚಾರ. ಜಿಗಿಹುಳಕ್ಕೆ ಹಲ್ಲಿಲ್ಲ. ನಾಲ್ಕು ಸೂಜಿಗಳು ಒಟ್ಟಿಗೆ ಹೊಸೆದುಕೊಂಡ ಒಂದು ಕೊಳವೆ ಇದೆ. ಒಳಗೆ ಎರಡು ದಾರಿ. ಒಂದರಲ್ಲಿ ರಸ ಮೇಲಕ್ಕೆ ಬರುತ್ತದೆ, ಇನ್ನೊಂದರಲ್ಲಿ ಜೊಲ್ಲು ಕೆಳಕ್ಕೆ ಇಳಿಯುತ್ತದೆ. ಸೂಜಿ ಎಲೆಯೊಳಗೆ ಹೋಗುತ್ತಾ ಇದ್ದ ಹಾಗೆ ಜೊಲ್ಲು ಅದರ ಸುತ್ತ ಗಟ್ಟಿಯಾಗಿ ಒಂದು ಒರೆ ಕಟ್ಟಿಕೊಳ್ಳುತ್ತದೆ, ಕತ್ತಿಗೆ ಒರೆ ಇದ್ದ ಹಾಗೆ. ಹುಳ ಎದ್ದು ಹೋದ ಮೇಲೂ ಆ ಒರೆ ಎಲೆಯಲ್ಲೇ ಉಳಿಯುತ್ತದೆ. ಎಲೆಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ಹುಳ ಎಲ್ಲಿ ಚುಚ್ಚಿತು, ಎತ್ತ ತಿರುಗಿತು, ಎಲ್ಲಿ ನಿಂತಿತು ಅಂತ ಹೆಜ್ಜೆ ಗುರುತಿನ ಹಾಗೆ ಕಾಣುತ್ತದೆ.

ಹುಳ ಎಲ್ಲಿ ನಿಲ್ಲುತ್ತದೆ ಅನ್ನುವುದು ಮುಖ್ಯ. ಎಲೆಯಲ್ಲಿ ಎರಡು ಬಗೆಯ ನಾಳಗಳಿವೆ. ಒಂದು ಬೇರಿನಿಂದ ನೀರು ತರುವ ನಾಳ, ಇನ್ನೊಂದು ಎಲೆಯಲ್ಲಿ ತಯಾರಾದ ಸಕ್ಕರೆ ಸಾಗಿಸುವ ನಾಳ. ಹುಳಕ್ಕೆ ಬೇಕಾದ್ದು ಎರಡನೆಯದು. ನಾವು ಇಂದು ಮಾತಾಡುವ ವೈರಸ್ಸುಗಳ ಓಡಾಟವೂ ಜಾಸ್ತಿ ಅಲ್ಲೇ. ಗಿಡದ ಜೀವಕೋಶಕ್ಕೆ ಗಟ್ಟಿ ಗೋಡೆ ಇದೆ. ವೈರಸ್ಸಿಗೆ ಆ ಗೋಡೆ ಒಡೆಯುವ ಶಕ್ತಿ ಇಲ್ಲ. ಯಾರಾದರೂ ಚುಚ್ಚಿ ಒಳಗೆ ಬಿಡಬೇಕು. ಒಳಗೆ ಹೋದ ಮೇಲೆ ಕೋಶದಿಂದ ಕೋಶಕ್ಕೆ ಇರುವ ಸಣ್ಣ ಕಿಂಡಿಗಳಲ್ಲಿ ನುಗ್ಗಿ, ಸಕ್ಕರೆ ನಾಳ ಹಿಡಿದು ಇಡೀ ಗಿಡ ಸುತ್ತುತ್ತದೆ.

ಹುಳ ಯಾವ ನಾಳದಿಂದ ಕುಡಿಯುತ್ತಿದೆ ಅಂತ ತಿಳಿಯುವುದಕ್ಕೆ ನಮ್ಮವರು ಒಂದು ಚಂದದ ಉಪಾಯ ಮಾಡುತ್ತಾರೆ. ಹುಳದ ಕೆಳಗೆ ಬ್ರೋಮೋಕ್ರೆಸಾಲ್ ಗ್ರೀನ್ ಅನ್ನುವ ಬಣ್ಣ ಹಾಕಿದ ಕಾಗದ ಇಡುತ್ತಾರೆ. ಹುಳ ಕುಡಿದದ್ದನ್ನು ಹನಿ ಹನಿಯಾಗಿ ಹಿಂದಿನಿಂದ ಬಿಡುತ್ತದೆ. ಸಕ್ಕರೆ ನಾಳದಿಂದ ಕುಡಿದಿದ್ದರೆ ಕಾಗದದ ಮೇಲೆ ನೀಲಿ ಚುಕ್ಕೆ. ಒಂದು ರಾತ್ರಿ ಇಟ್ಟು ಬೆಳಗ್ಗೆ ಚುಕ್ಕೆ ಎಣಿಸುವುದು. ಹುಳದ ಉಚ್ಚೆ ಎಣಿಸಿ ಸಂಬಳ ತಗೊಳ್ಳುವ ಕೆಲಸ ಅಂತ ನಮ್ಮ ಮನೆಯಲ್ಲಿ ತಮಾಷೆ ಮಾಡುತ್ತಿದ್ದರು.

ಸರಿ, ಬಾಯಲ್ಲಿ ಕೂರುವ ವೈರಸ್ಸಿಗೆ ಬರೋಣ. ಅದರ ಹೆಸರು ಟುಂಗ್ರೋ. ಫಿಲಿಪ್ಪೀನ್ಸ್‌ನ ಇಲೊಕಾನೊ ಭಾಷೆಯ ಮಾತು, ಬೆಳವಣಿಗೆ ಕುಗ್ಗಿದ್ದು ಅಂತ ಅರ್ಥ. 1960ರ ದಶಕದಲ್ಲಿ ಲಾಸ್ ಬಾನ್ಯೋಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಇದನ್ನು ಹಸಿರು ಜಿಗಿಹುಳ ಹರಡುತ್ತದೆ ಅಂತ ತೋರಿಸಿದರು. ಆದರೆ ರೈತರಿಗೆ ಅದಕ್ಕೂ ಮುಂಚೆ ಗೊತ್ತಿತ್ತು. ಇಂಡೋನೇಷ್ಯಾದಲ್ಲಿ 'ಮೆಂಟೆಕ್', ಮಲೇಷ್ಯಾದಲ್ಲಿ 'ಪೆನ್ಯಾಕಿತ್ ಮೇರಾ', ಅಂದರೆ ಕೆಂಪು ಕಾಯಿಲೆ. ನಮ್ಮ ದೇಶದಲ್ಲಿ 1969ರಲ್ಲಿ ಬಂಗಾಳ, ಬಿಹಾರ, ಉತ್ತರ ಪ್ರದೇಶದ ಗದ್ದೆಗಳನ್ನು ಹಾಳು ಮಾಡಿತು.

ಗಿಡ ಗಿಡ್ಡ ಆಗುತ್ತದೆ. ಎಲೆ ತುದಿಯಿಂದ ಹಳದಿಯಾಗಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ತೆಂಡೆ ಕಡಿಮೆ. ತೆನೆ ತಡವಾಗಿ ಬರುತ್ತದೆ, ಬಂದರೂ ಅರ್ಧ ಜೊಳ್ಳು. ಸಸಿಮಡಿಯಲ್ಲೇ ಹಿಡಿದರೆ ಬೆಳೆ ಹೋಯಿತು ಅಂತಲೇ. ಹೊಡೆ ಬರುವ ಹೊತ್ತಿಗೆ ಹಿಡಿದರೆ ಅಷ್ಟು ನಷ್ಟ ಇಲ್ಲ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತು. ನೆಲ್ಲೂರು ಕಡೆ ಒಬ್ಬರ ಗದ್ದೆಗೆ ಹೋಗಿದ್ದೆ. ಪೈರು ಅಲ್ಲಲ್ಲಿ ಗುಂಪು ಗುಂಪಾಗಿ ಹಳದಿ. ನಾನು ಬದುವಿನ ಮೇಲೆ ನಿಂತೇ, ಗದ್ದೆಗೆ ಕಾಲೂ ಇಡದೆ, ಸತುವಿನ ಕೊರತೆ ಅಂತ ಹೇಳಿಬಿಟ್ಟೆ. ಜಿಂಕ್ ಸಲ್ಫೇಟ್ ಹಾಕಿ ಅಂದೆ. ಅವರು ಹಾಕಿದರು. ಜೊತೆಗೆ ಒಂದು ಮೂಟೆ ಯೂರಿಯಾನೂ ಹಾಕಿದರು. ಹದಿನೈದು ದಿನ ಬಿಟ್ಟು ಹೋದರೆ ಹಳದಿ ಗುಂಪುಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ಯೂರಿಯಾದಿಂದ ಎಳೆಯದಾಗಿ ಚಿಗುರಿದ ಎಲೆಗಳ ಮೇಲೆ ಜಿಗಿಹುಳ ಹಬ್ಬ ಮಾಡುತ್ತಿದ್ದವು. ಆ ರೈತರು ನನ್ನನ್ನು ಬೈಯಲಿಲ್ಲ. ಮಜ್ಜಿಗೆ ಕೊಟ್ಟರು. ಬೈದಿದ್ದರೆ ವಾಸಿ ಇತ್ತು.

ಆಮೇಲೆ ನಮ್ಮ ಮೇಲಿನವರೊಬ್ಬರು ಒಂದು ಪರೀಕ್ಷೆ ಹೇಳಿಕೊಟ್ಟರು. ಇವತ್ತಿಗೂ ನನ್ನ ಚೀಲದಲ್ಲಿ ಅದರ ಸಾಮಾನು ಇರುತ್ತದೆ. ಬೆಳಗ್ಗೆ ಆರು ಗಂಟೆಗೆ ಮುಂಚೆ, ಬಿಸಿಲು ಬೀಳುವ ಮೊದಲು, ಅನುಮಾನ ಇರುವ ಎಲೆಯ ತುದಿಯ ಹತ್ತು ಸೆಂಟಿಮೀಟರ್ ಕತ್ತರಿಸಿ. 100 ಮಿಲಿಲೀಟರ್ ನೀರಿಗೆ 2 ಗ್ರಾಂ ಅಯೋಡಿನ್, 6 ಗ್ರಾಂ ಪೊಟ್ಯಾಸಿಯಂ ಅಯೋಡೈಡ್ ಕರಗಿಸಿ, ಕತ್ತರಿಸಿದ ತುದಿಯನ್ನು ಅದರಲ್ಲಿ ಕಾಲು ಗಂಟೆ ಅದ್ದಿ ಇಡಿ. ಕಡುನೀಲಿ ಗೆರೆಗಳು ಮೂಡಿದರೆ ಟುಂಗ್ರೋ ಅನ್ನುವ ಅನುಮಾನ ಬಲವಾಗುತ್ತದೆ.

ಅಷ್ಟು ಬೆಳಗ್ಗೆ ಯಾಕೆ? ಎಲೆ ಹಗಲೆಲ್ಲ ದುಡಿದು ಪಿಷ್ಟ ಕೂಡಿಡುತ್ತದೆ. ರಾತ್ರಿ ಅದನ್ನು ಸಕ್ಕರೆ ಮಾಡಿ ಬುಡಕ್ಕೆ ಕಳಿಸುತ್ತದೆ. ಬೆಳಗಾಗುವ ಹೊತ್ತಿಗೆ ಆರೋಗ್ಯದ ಎಲೆಯ ಕಣಜ ಖಾಲಿ. ಟುಂಗ್ರೋ ಹಿಡಿದ ಎಲೆಯಲ್ಲಿ ಸಾಗಿಸುವ ದಾರಿಯೇ ಕೆಟ್ಟಿರುತ್ತದೆ, ಪಿಷ್ಟ ಅಲ್ಲೇ ಉಳಿದಿರುತ್ತದೆ. ಅಯೋಡಿನ್ ತಾಗಿದ ಪಿಷ್ಟ ನೀಲಿಯಾಗುತ್ತದೆ, ಇದು ಹೈಸ್ಕೂಲಿನ ಪಾಠ. ಕೊನೆಯ ತೀರ್ಪಿಗೆ ಲ್ಯಾಬಿಗೇ ಹೋಗಬೇಕು. ಆದರೆ ಬದುವಿನ ಮೇಲೆ ನಿಂತು ಸತು ಅನ್ನುವುದಕ್ಕಿಂತ ಇದು ಎಷ್ಟೋ ಮೇಲು.

ಟುಂಗ್ರೋದ ಒಳಗುಟ್ಟು ಇನ್ನೂ ಸ್ವಾರಸ್ಯ. ಇದು ಒಂದು ವೈರಸ್ಸಲ್ಲ, ಎರಡು. ಒಂದು ಕಡ್ಡಿಯ ಆಕಾರದ್ದು, ಅದರ ಒಳಗಿರುವುದು ಡಿಎನ್‌ಎ. ಇನ್ನೊಂದು ಗುಂಡಗಿನದು, ಅದರಲ್ಲಿ ಆರ್‌ಎನ್‌ಎ. ಎರಡಕ್ಕೂ ನಂಟಿಲ್ಲ, ಬೇರೆ ಬೇರೆ ಕುಲ. ಗಿಡವನ್ನು ಹಳದಿ ಮಾಡಿ ಕುಗ್ಗಿಸುವ ಕೆಟ್ಟ ಕೆಲಸ ಬಹುಪಾಲು ಕಡ್ಡಿ ವೈರಸ್ಸಿನದು. ಗುಂಡು ವೈರಸ್ಸು ಒಂದೇ ಇದ್ದರೆ ಗಿಡ ಸ್ವಲ್ಪ ಗಿಡ್ಡ ಆಗುತ್ತದೆ ಅಷ್ಟೇ, ರೈತರ ಕಣ್ಣಿಗೆ ಬೀಳುವುದೂ ಇಲ್ಲ. ಆದರೆ ಕಡ್ಡಿ ವೈರಸ್ಸಿಗೆ ಹುಳದ ಮೇಲೆ ಹತ್ತಲು ಬರುವುದಿಲ್ಲ. ಗುಂಡು ವೈರಸ್ಸು ಜೊತೆಗಿದ್ದರೆ ಮಾತ್ರ ಹುಳ ಅದನ್ನು ಒಯ್ಯುತ್ತದೆ. ಒಬ್ಬನ ಹತ್ತಿರ ಬಸ್ ಪಾಸು, ಇನ್ನೊಬ್ಬನ ಹತ್ತಿರ ಚಾಕು. ಇಬ್ಬರೂ ಸೇರಿದರೆ ಊರಿಗೆ ಕಷ್ಟ.

ಈ ಜೋಡಿ ಹುಳದಲ್ಲಿ ಕೂರುವ ಜಾಗ ಬಾಯಿಯಿಂದ ಗಂಟಲವರೆಗಿನ ಒಳಪೊರೆ. ಅಷ್ಟೇ. ರಕ್ತಕ್ಕೆ ಹೋಗುವುದಿಲ್ಲ, ಬೆಳೆಯುವುದಿಲ್ಲ, ಮೊಟ್ಟೆಗೆ ಇಳಿಯುವುದಿಲ್ಲ. ನೀವು ಕೆಸರು ತುಳಿದು ಮನೆಗೆ ಬಂದರೆ ಕಾಲಿನಲ್ಲಿ ಕೆಸರು ಬಂದ ಹಾಗೆ. ಹುಳ ರೋಗದ ಗಿಡದ ಮೇಲೆ ಕೆಲವು ನಿಮಿಷದಿಂದ ಅರ್ಧ ಗಂಟೆ ಕೂತರೆ ಸಾಕು, ಮೆತ್ತಿಕೊಳ್ಳುತ್ತದೆ. ಪಕ್ಕದ ಗಿಡಕ್ಕೆ ಹೋದ ಕೂಡಲೇ ದಾಟಿಸಬಲ್ಲದು, ಕಾಯಬೇಕಾಗಿಲ್ಲ. ಆದರೆ ನಾಲ್ಕೈದು ದಿನದಲ್ಲಿ ಎಲ್ಲ ತೊಳೆದುಹೋಗುತ್ತದೆ. ಮತ್ತೆ ಹರಡಬೇಕು ಅಂದರೆ ಮತ್ತೆ ರೋಗದ ಗಿಡಕ್ಕೆ ಬಾಯಿ ಹಾಕಬೇಕು.

ಇನ್ನೊಂದು ಸಂಗತಿ. ಜಿಗಿಹುಳದ ಮರಿಯನ್ನು ನಮ್ಮ ಕೃಷಿ ಪುಸ್ತಿಕೆಗಳಲ್ಲಿ 'ಅಪ್ಸರೆ' ಅನ್ನುತ್ತಾರೆ. ಇಂಗ್ಲಿಷಿನವರ ಮಾತನ್ನು ಹಾಗೇ ಇಳಿಸಿದ್ದು. ರಂಭೆ, ಊರ್ವಶಿ ಕೇಳಿದರೆ ಏನು ಅಂದುಕೊಂಡಾರೋ. ಈ ಅಪ್ಸರೆ ದೊಡ್ಡದಾಗುವ ತನಕ ಐದು ಸಲ ಪೊರೆ ಕಳಚುತ್ತದೆ. ಪೊರೆ ಅಂದರೆ ಮೈಮೇಲಿನದು ಮಾತ್ರ ಅಲ್ಲ, ಗಂಟಲಿನ ಒಳಪೊರೆಯೂ ಕಳಚಿ ಬರುತ್ತದೆ. ಅದರ ಜೊತೆ ವೈರಸ್ಸೂ ಹೋಯಿತು. ಅಂಗಿ ಬಿಚ್ಚಿದರೆ ಜೇಬಿನಲ್ಲಿದ್ದ ದುಡ್ಡೂ ಹೋದ ಹಾಗೆ. ವೈರಸ್ಸು ಇರುವುದು ಒಳಪೊರೆಯಲ್ಲೇ ಅನ್ನುವುದಕ್ಕೆ ಇದು ಒಳ್ಳೆಯ ಸಾಕ್ಷಿ.

ಇದಿಷ್ಟು ಬಾಯಿಯದು. ಈಗ ಹೊಟ್ಟೆ.

ಇದಕ್ಕೆ ಜಪಾನಿಗೆ ಹೋಗಬೇಕು, ಅದೂ 1890ರ ದಶಕಕ್ಕೆ. ಅಲ್ಲಿನ ಶಿಗಾ ಪ್ರಾಂತ್ಯದಲ್ಲಿ ಹಾಶಿಮೊಟೊ ಅಂತ ಒಬ್ಬ ಭತ್ತದ ರೈತ. ಗದ್ದೆಯಲ್ಲಿ ಪೈರು ಗಿಡ್ಡ ಆಗಿ, ಎಲೆಯ ಮೇಲೆ ಸುಣ್ಣ ಚಿಮುಕಿಸಿದ ಹಾಗೆ ಬಿಳಿ ಚುಕ್ಕೆ ಸಾಲು ಬರುತ್ತಿತ್ತು. ತೆಂಡೆ ಮಾತ್ರ ಪೊದೆಯಂತೆ ಜಾಸ್ತಿ, ತೆನೆ ಇಲ್ಲ. ಇದಕ್ಕೂ ಜಿಗಿಹುಳಕ್ಕೂ ಸಂಬಂಧ ಇದೆ ಅಂತ ಆತ ಪ್ರಯೋಗ ಮಾಡಿ ಕಂಡುಕೊಂಡ. ಸಾಮಾನ್ಯವಾಗಿ ಆ ವರ್ಷವನ್ನು 1894 ಅನ್ನುತ್ತಾರೆ. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿ ಕಂಡಿದ್ದು 1897ರಲ್ಲಿ. ವೈರಸ್ ಅನ್ನುವ ಮಾತಿಗೆ ಇಂದಿನ ಅರ್ಥವೇ ಇನ್ನೂ ಕೂಡಿಬಂದಿರಲಿಲ್ಲ. ರಾಸ್‌ಗೆ ನೊಬೆಲ್ ಬಂತು. ಹಾಶಿಮೊಟೊ ಹೆಸರು ನಮ್ಮಂಥ ನಾಲ್ಕು ಜನಕ್ಕೆ ಗೊತ್ತು.

ಮೊದಲಿಗೆ ಜನ ಹುಳವೇ ರೋಗ ಅಂದುಕೊಂಡರು. ಹುಳ ಕಚ್ಚಿದ ವಿಷದಿಂದ ಗಿಡ ಕುಗ್ಗುತ್ತದೆ ಅಂತ. ಆಮೇಲೆ ಒಂದು ವಿಚಿತ್ರ ಕಂಡಿತು. ಕೆಲವು ಊರಿನ ಹುಳ ತಂದು ಬಿಟ್ಟರೆ ಏನೂ ಆಗುವುದಿಲ್ಲ. ಅದೇ ಹುಳವನ್ನು ರೋಗದ ಗಿಡದ ಮೇಲೆ ಕೆಲವು ದಿನ ಸಾಕಿ ಬಿಟ್ಟರೆ ರೋಗ ಬರುತ್ತದೆ. ಹಾಗಾದರೆ ಹುಳ ಬೇರೆ, ಹುಳ ಹೊತ್ತ ವಸ್ತು ಬೇರೆ. ಆ ವಸ್ತುವೇ ಭತ್ತದ ಕುಬ್ಜ ವೈರಸ್ಸು.

ಮುಂದಿನ ದೊಡ್ಡ ಹೆಜ್ಜೆ ತೇಕಿಚಿ ಫುಕುಶಿ ಅವರದು. 1933ರಲ್ಲಿ ಅವರು ತೋರಿಸಿದ್ದು ಇಷ್ಟು: ವೈರಸ್ಸು ಹೊತ್ತ ತಾಯಿ ಹುಳದ ಮೊಟ್ಟೆಯಿಂದ ಬಂದ ಮರಿಗಳು ರೋಗದ ಗಿಡವನ್ನು ಕಣ್ಣಿಂದಲೂ ನೋಡಿಲ್ಲ, ಆದರೂ ರೋಗ ಹರಡುತ್ತವೆ. ಆ ಮರಿಗಳ ಮರಿಗಳೂ ಹರಡುತ್ತವೆ. ಒಂದೇ ಒಂದು ತಾಯಿಯಿಂದ ಶುರುಮಾಡಿ ಏಳು ತಲೆಮಾರಿನವರೆಗೆ ಅವರು ಲೆಕ್ಕ ಇಟ್ಟರು. ಪ್ರತಿ ತಲೆಮಾರಿನಲ್ಲೂ ಹುಳವನ್ನು ಆರೋಗ್ಯದ ಗಿಡದ ಮೇಲೇ ಸಾಕಿದ್ದು.

ಆಗ ಒಂದು ದೊಡ್ಡ ವಾದ ಇತ್ತು. ವೈರಸ್ಸು ಹುಳದಲ್ಲಿ ಬೆಳೆಯುತ್ತದೆಯಾ, ಇಲ್ಲಾ ಸುಮ್ನೆ ಒಳಗೆ ಕೂತಿರುತ್ತದೆಯಾ? ಗಿಡದ ವೈರಸ್ಸು ಪ್ರಾಣಿಯ ಮೈಯಲ್ಲೂ ಬೆಳೆಯುತ್ತದೆ ಅಂದರೆ ಆಗ ನಂಬುವವರು ಕಡಿಮೆ. ಇದನ್ನು ನಮ್ಮ ಅಡುಗೆಮನೆಯಲ್ಲೇ ಅರ್ಥ ಮಾಡಿಕೊಳ್ಳಬಹುದು. ಒಂದು ಪಾತ್ರೆ ಹಾಲಿಗೆ ಒಂದು ಚಮಚ ಸಕ್ಕರೆ ಹಾಕಿ. ಆ ಹಾಲಿನಿಂದ ಒಂದು ಚಮಚ ತೆಗೆದು ಇನ್ನೊಂದು ಪಾತ್ರೆಗೆ ಹಾಕಿ, ಅದರಿಂದ ಮತ್ತೊಂದಕ್ಕೆ. ಮೂರನೆಯ ಪಾತ್ರೆಯಲ್ಲಿ ಸಿಹಿಯ ಸುಳಿವೂ ಇರುವುದಿಲ್ಲ. ಈಗ ಸಕ್ಕರೆಯ ಬದಲು ಒಂದು ಚಮಚ ಮೊಸರು ಹೆಪ್ಪು ಹಾಕಿ. ಏಳನೆಯ ಪಾತ್ರೆಯಲ್ಲೂ ಗಟ್ಟಿ ಮೊಸರೇ. ಅಜ್ಜಿ ಹಾಕಿದ ಹೆಪ್ಪು ಮೊಮ್ಮಗಳ ಮನೆಯಲ್ಲೂ ನಡೆಯುತ್ತಿರುತ್ತದೆ, ಯಾಕೆಂದರೆ ಹೆಪ್ಪು ಬೆಳೆಯುತ್ತದೆ. ಫುಕುಶಿ ಹೇಳಿದ್ದೂ ಅದೇ. ಏಳು ತಲೆಮಾರಿಗೆ ಹಂಚಿಹೋದರೂ ಸವೆಯಲಿಲ್ಲ ಅಂದರೆ ಈ ವೈರಸ್ಸು ಸಕ್ಕರೆ ಅಲ್ಲ, ಹೆಪ್ಪು. ಮುಂದೆ ಅಮೆರಿಕದಲ್ಲಿ ಬ್ಲ್ಯಾಕ್ ಅನ್ನುವವರು ಕ್ಲೋವರ್ ಅನ್ನುವ ಮೇವಿನ ಗಿಡದ, ಆಗ ವೈರಸ್ಸು ಅಂದುಕೊಂಡಿದ್ದ ಇನ್ನೊಂದು ರೋಗಾಣುವನ್ನು ಜಿಗಿಹುಳದ 21 ತಲೆಮಾರಿನವರೆಗೆ ನಡೆಸಿ ತೋರಿಸಿದರು. ಆಗಿನ ವಾದ ಅಲ್ಲಿಗೆ ನಿಂತಿತು. ಆ ಕ್ಲೋವರ್ ರೋಗಾಣು ವೈರಸ್ಸಲ್ಲ, ಬ್ಯಾಕ್ಟೀರಿಯಾ ಥರದ್ದು ಅಂತ ಗೊತ್ತಾಗಿದ್ದು ಬಹಳ ವರ್ಷದ ಮೇಲೆ.

ಕುಬ್ಜ ವೈರಸ್ಸಿನ ಗಾತ್ರ ಸುಮಾರು 70 ನ್ಯಾನೋಮೀಟರ್. ಸುತ್ತ ಎರಡು ಪದರದ ಚಿಪ್ಪು, ಒಳಗೆ 12 ತುಂಡು ಆರ್‌ಎನ್‌ಎ. ಹುಳ ರೋಗದ ಗಿಡದ ರಸ ಕುಡಿದಾಗ ಇದು ಕರುಳಿಗೆ ಇಳಿಯುತ್ತದೆ. ಹೊರ ಚಿಪ್ಪಿನಲ್ಲಿ ಒಂದು ಪ್ರೋಟೀನ್ ಇದೆ, ಅದು ಹುಳದ ಕೋಶದ ಬಾಗಿಲಿನ ಕೀಲಿಕೈ. ಗಿಡದಲ್ಲೇ ತಲೆಮಾರುಗಟ್ಟಲೆ ಬೆಳೆಸಿ, ಹುಳದ ಸಹವಾಸ ತಪ್ಪಿಸಿದರೆ ಈ ಕೀಲಿಕೈ ಕಳೆದುಕೊಂಡ ವೈರಸ್ಸುಗಳು ಹುಟ್ಟುತ್ತವೆ. ಅವು ಗಿಡದಲ್ಲಿ ಚೆನ್ನಾಗೇ ಇರುತ್ತವೆ, ಹುಳದೊಳಗೆ ಹೋಗಲಾರವು. ಬಳಸದ ಬಾಗಿಲಿನ ಕೀಲಿಕೈಯನ್ನು ಯಾರು ತಾನೆ ಜೋಪಾನ ಮಾಡುತ್ತಾರೆ?

ಕೋಶದ ಒಳಗೆ ಹೋದ ವೈರಸ್ಸು ಅಲ್ಲೊಂದು ಕಾರ್ಖಾನೆ ಕಟ್ಟಿ ಮರಿ ಹಾಕುತ್ತದೆ. ಮುಂದಿನ ಕೋಶಕ್ಕೆ ಹೋಗುವುದಕ್ಕೆ ತನ್ನದೇ ಒಂದು ಪ್ರೋಟೀನಿನಿಂದ ಕೊಳವೆ ಕಟ್ಟುತ್ತದೆ, ಆ ಕೊಳವೆಯೊಳಗೆ ಒಂದರ ಹಿಂದೆ ಒಂದು ಸಾಲಾಗಿ ಸಾಗುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ನೋಡಿದರೆ ಪೈಪಿನೊಳಗೆ ಗೋಲಿ ತುಂಬಿದ ಹಾಗೆ ಕಾಣುತ್ತದೆ. ಕರುಳಿನಿಂದ ಕರುಳಿನ ಸುತ್ತಲಿನ ಸ್ನಾಯುವಿಗೆ, ಅಲ್ಲಿಂದ ಮೈಯಲ್ಲೆಲ್ಲ, ಕೊನೆಗೆ ಜೊಲ್ಲಿನ ಗ್ರಂಥಿಗೆ. ಈ ಯಾತ್ರೆಗೆ ಎರಡು ವಾರದ ಮೇಲೇ ಬೇಕು. ಅಲ್ಲಿಯವರೆಗೆ ಹುಳ ಎಷ್ಟು ಗಿಡ ಚುಚ್ಚಿದರೂ ರೋಗ ಬರುವುದಿಲ್ಲ. ಆಮೇಲೆ ಸಾಯುವವರೆಗೂ ಬರುತ್ತದೆ.

ಮೊಟ್ಟೆಗೆ ಹೇಗೆ ಸೇರುತ್ತದೆ ಅನ್ನುವುದು ಮಾತ್ರ ಬಹಳ ಕಾಲ ಒಗಟಾಗಿತ್ತು. ಇದರ ಉತ್ತರ 2017ರಲ್ಲಿ ಚೀನಾದ ವಿಜ್ಞಾನಿಗಳಿಂದ ಬಂತು. ನನಗೆ ಈ ಇಡೀ ಕಥೆಯಲ್ಲಿ ಅತಿ ಇಷ್ಟವಾದ ಭಾಗ ಇದು. ಗಿಡದ ರಸ ಅಂದರೆ ಸಕ್ಕರೆ ನೀರು. ಅದನ್ನೇ ಕುಡಿದು ಬದುಕಲು ಆಗುವುದಿಲ್ಲ, ಬರೀ ಪಾನಕದಲ್ಲಿ ಮಗು ಸಾಕಿದ ಹಾಗೆ. ಅದಕ್ಕೆ ಜಿಗಿಹುಳದ ಮೈಯಲ್ಲಿ ಸಲ್ಸಿಯಾ ಅನ್ನುವ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿದೆ. ಹುಳಕ್ಕೆ ಬೇಕಾದ ಅಮೈನೋ ಆಮ್ಲಗಳನ್ನು ತಯಾರಿಸಿ ಕೊಡುತ್ತದೆ. ಇವರ ಸಂಸಾರ ಇಪ್ಪತ್ತು ಕೋಟಿ ವರ್ಷಕ್ಕೂ ಹಳೆಯದು. ಈ ಬ್ಯಾಕ್ಟೀರಿಯಾ ಇಲ್ಲದೆ ಮರಿ ಬದುಕುವುದಿಲ್ಲ, ಹಾಗಾಗಿ ತಾಯಿ ಪ್ರತಿ ಮೊಟ್ಟೆಗೂ ಅದನ್ನು ಕಟ್ಟಿ ಕಳಿಸುತ್ತಾಳೆ. ತವರಿನ ಬುತ್ತಿ ಅನ್ನಿ. ಕುಬ್ಜ ವೈರಸ್ಸು ಮಾಡುವುದು ಏನು? ಈ ಬ್ಯಾಕ್ಟೀರಿಯಾದ ಹೊರಮೈಗೆ ಅಂಟಿಕೊಂಡು ಮೊಟ್ಟೆಯೊಳಗೆ ಹೋಗಿಬಿಡುತ್ತದೆ. ನಾವು ಚಿಕ್ಕವರಿದ್ದಾಗ ಎತ್ತಿನ ಗಾಡಿಯ ಹಿಂದೆ ಜೋತುಬಿದ್ದು ಶಾಲೆಗೆ ಹೋಗುತ್ತಿದ್ದೆವಲ್ಲ, ಹಾಗೆ. ಗಾಡಿ ಹೊಡೆಯುವವನಿಗೆ ಗೊತ್ತೂ ಆಗುವುದಿಲ್ಲ.

ಎಲ್ಲ ತಾಯಿಯಿಂದಲೇ ಅಂತಲೂ ಅಲ್ಲ. ಭತ್ತದ ಗಂಟು ಕುಬ್ಜ ವೈರಸ್ಸು ಅಂತ ಇದರ ದಾಯಾದಿ ಒಂದಿದೆ. ಅದು ಇನ್ನೊಂದು ಜಾತಿಯ ಜಿಗಿಹುಳದಲ್ಲಿ ವೀರ್ಯಾಣುವಿನ ತಲೆಗೆ ಅಂಟಿಕೊಂಡು ತಂದೆಯ ಕಡೆಯಿಂದಲೂ ಮಕ್ಕಳಿಗೆ ಹೋಗುತ್ತದೆ.

ಗಿಡ ಯಾಕೆ ಗಿಡ್ಡ ಆಗುತ್ತದೆ ಅಂತ ಕೇಳಿದಿರಿ. ಅದೂ ಚೂರು ಹೇಳಿಬಿಡುತ್ತೇನೆ. ಹುಳದ ಕೋಶಕ್ಕೆ ಕೀಲಿಕೈ ಆಗುವ ಅದೇ ಪ್ರೋಟೀನ್ ಭತ್ತದೊಳಗೆ ಬೇರೆ ಕೆಲಸ ಮಾಡುತ್ತದೆ. ಗಿಡ ಎತ್ತರಕ್ಕೆ ಬೆಳೆಯಲು ಜಿಬ್ಬರೆಲಿನ್ ಅನ್ನುವ ಹಾರ್ಮೋನ್ ಬೇಕು. ಅದನ್ನು ತಯಾರಿಸುವ ಸಾಲಿನಲ್ಲಿ ಒಂದು ಕಿಣ್ವವನ್ನು ಈ ಪ್ರೋಟೀನ್ ಹಿಡಿದುಕೊಳ್ಳುತ್ತದೆ. ಹಾರ್ಮೋನ್ ಕಡಿಮೆ, ಗಿಡ ಕುಳ್ಳ. ರೋಗದ ಗಿಡಕ್ಕೆ ಹೊರಗಿನಿಂದ ಜಿಬ್ಬರೆಲಿನ್ ಕೊಟ್ಟರೆ ಮತ್ತೆ ಎತ್ತರ ಬರುತ್ತದೆ. ತಮಾಷೆ ಏನೆಂದರೆ ಈ ಹಾರ್ಮೋನ್ ಸಿಕ್ಕಿದ್ದೂ ಭತ್ತದ ಕಾಯಿಲೆಯಿಂದಲೇ. ಸಸಿ ಸುಮ್ನೆ ಸೊರಗಿ ಉದ್ದಕ್ಕೆ ಬೆಳೆಯುವ, ಜಪಾನಿನವರು 'ಪೆದ್ದ ಸಸಿ' ಅನ್ನುವ ರೋಗದ ಶಿಲೀಂಧ್ರದಿಂದ. 1926ರಲ್ಲಿ ಕುರೊಸಾವಾ ಅನ್ನುವವರು ಅದರ ಜಾಡು ಹಿಡಿದರು.

ಈಗ ಬಾಯಿ, ಹೊಟ್ಟೆ ಎರಡನ್ನೂ ಗದ್ದೆಗೆ ತರೋಣ.

ವೈರಸ್ಸು ಬಾಯಲ್ಲಿದ್ದರೆ ಹುಳ ನಾಲ್ಕೈದು ದಿನಕ್ಕೊಮ್ಮೆ ರೋಗದ ಗಿಡ ಹುಡುಕಬೇಕು. ಹುಡುಕಿದಾಗ ಸಿಗಬಾರದು, ನಮ್ಮ ಕೆಲಸ ಅಷ್ಟೇ. ಕೊಯ್ಲಾದ ಮೇಲೆ ಕೂಳೆ ಚಿಗುರಲು ಬಿಡದೆ ಉತ್ತರೆ, ಊರೆಲ್ಲ ಸುಮಾರು ಒಂದೇ ಹೊತ್ತಿಗೆ ನಾಟಿ ಮಾಡಿದರೆ, ನಡುವೆ ಒಂದು ತಿಂಗಳು ಹಸಿರು ಭತ್ತ ಇಲ್ಲದಿದ್ದರೆ ಸರಪಳಿ ಕಡಿಯುತ್ತದೆ. ಇಂಡೋನೇಷ್ಯಾದ ದಕ್ಷಿಣ ಸುಲವೆಸಿಯಲ್ಲಿ ಹೀಗೆಯೇ ಟುಂಗ್ರೋವನ್ನು ಹಿಡಿತಕ್ಕೆ ತಂದರು. ನಾಟಿಯ ಕಾಲ ಗೊತ್ತುಮಾಡಿದರು, ತಳಿಗಳನ್ನು ಹಂಗಾಮಿನಿಂದ ಹಂಗಾಮಿಗೆ ಬದಲಿಸಿದರು. ನಾಲೆ ನೀರು ವರ್ಷವಿಡೀ ಬರುವ ಕಡೆ ಒಬ್ಬರ ಗದ್ದೆಯಲ್ಲಿ ಸಸಿ, ಪಕ್ಕದವರದು ಹೊಡೆ, ಆಚೆಯವರದು ಕೂಳೆ ಚಿಗುರು. ಅದು ಹುಳಕ್ಕೆ ಹನ್ನೆರಡು ತಿಂಗಳ ಅನ್ನಸಂತರ್ಪಣೆ.

ಬಾಯಲ್ಲಿರುವ ವೈರಸ್ಸಿಗೆ ಔಷಧಿ ಹೊಡೆಯುವುದರಲ್ಲಿ ದೊಡ್ಡ ಪ್ರಯೋಜನ ಇಲ್ಲ. ಹುಳ ಸಾಯಲು ಬೇಕಾದ ಹೊತ್ತಿಗಿಂತ ವೈರಸ್ಸು ದಾಟಿಸಲು ಬೇಕಾದ ಹೊತ್ತು ಕಡಿಮೆ. ಸಾಯುವ ಮುಂಚೆ ಒಂದೆರಡು ಗಿಡಕ್ಕೆ ಬಾಯಿ ಹಾಕಿಯೇ ಸಾಯುತ್ತದೆ. ಸಸಿಮಡಿಯನ್ನು ಕಾಯುವುದಾದರೆ ಸರಿ, ಅಲ್ಲಿ ಜಾಗ ಚಿಕ್ಕದು. ನಾಟಿ ಆದ ಮೇಲೆ, ಎಲೆ ಕಿತ್ತಳೆ ಆದ ಮೇಲೆ ಹೊಡೆಯುವುದು ಅಂಗಡಿಯವನಿಗೆ ಲಾಭ.

ವೈರಸ್ಸು ಹೊಟ್ಟೆಯಲ್ಲಿದ್ದು, ಮೊಟ್ಟೆಗೂ ಇಳಿಯುವಂಥದ್ದಾದರೆ ಗದ್ದೆ ಖಾಲಿ ಬಿಟ್ಟು ಏನು ಮಾಡುವುದು? ಜಪಾನಿನ ಚಳಿಗಾಲದಲ್ಲಿ ಗದ್ದೆಯಲ್ಲಿ ಒಂದು ಗಿಡ ಭತ್ತ ಇರುವುದಿಲ್ಲ. ಜಿಗಿಹುಳದ ಮರಿಗಳು ಬದುವಿನ ಹುಲ್ಲಿನಲ್ಲಿ ಚಳಿಗಾಲ ಕಳೆಯುತ್ತವೆ. ವೈರಸ್ಸೂ ಅವುಗಳ ಮೈಯೊಳಗೆ ಬೆಚ್ಚಗೆ ಕಾಲ ಕಳೆಯುತ್ತದೆ. ವಸಂತದಲ್ಲಿ ರೆಕ್ಕೆ ಬಂದು ಸಸಿಗೆ ಹಾರಿದಾಗ ರೋಗ ಜೊತೆಗೇ ಬರುತ್ತದೆ. ಅಲ್ಲಿ ಹುಲ್ಲು, ಹುಳ ಎರಡನ್ನೂ ನೋಡಿಕೊಳ್ಳಬೇಕು.

ನಡುವಿನ ಬಗೆಯೂ ಇದೆ. 2022ರ ಮುಂಗಾರಿನಲ್ಲಿ ಪಂಜಾಬ್, ಹರಿಯಾಣದಲ್ಲಿ ಭತ್ತ ಇದ್ದಕ್ಕಿದ್ದ ಹಾಗೆ ಕುಳ್ಳಾಯಿತು. ಲೂಧಿಯಾನದ ಕೃಷಿ ವಿಶ್ವವಿದ್ಯಾಲಯ ಪರೀಕ್ಷಿಸಿದಾಗ ಸಿಕ್ಕಿದ್ದು 2001ರಲ್ಲಿ ದಕ್ಷಿಣ ಚೀನಾದಲ್ಲಿ ಮೊದಲು ಕಂಡಿದ್ದ ಒಂದು ವೈರಸ್ಸು. ಹೊರುವುದು ಬಿಳಿ ಬೆನ್ನಿನ ಜಿಗಿಹುಳ. ಹೊಟ್ಟೆಯಲ್ಲಿ ಬೆಳೆಯುತ್ತದೆ, ಆದರೆ ಮೊಟ್ಟೆಗೆ ಇಳಿಯುವುದಿಲ್ಲ. ಬೇಗ ನಾಟಿ ಮಾಡಿದ ಗದ್ದೆಗಳಲ್ಲೇ ಕಾಟ ಜಾಸ್ತಿ ಇತ್ತು. ಇಲ್ಲಿ ನಾಟಿ ತಡ ಮಾಡಿದವರು ಗೆದ್ದರು.

ತಳಿಯ ವಿಷಯ ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. ಕಂದು ಜಿಗಿಹುಳ ಹರಡುವ ಹುಲ್ಲು ಕುಬ್ಜ ರೋಗ ಅಂತ ಒಂದಿದೆ. 1970ರ ಸುಮಾರಿಗೆ ಅದಕ್ಕೆ ತಡೆ ಇರುವ ಭತ್ತ ಹುಡುಕಿ 6 ಸಾವಿರಕ್ಕೂ ಹೆಚ್ಚು ತಳಿಗಳನ್ನು ಪರೀಕ್ಷಿಸಿದರು. ಸಿಕ್ಕಿದ್ದು ಒಂದೇ ಒಂದು, ಅದೂ ಉತ್ತರ ಪ್ರದೇಶದಿಂದ ತಂದ ಒಂದು ಕಾಡು ಭತ್ತ. ಅದರ ಶಾಸ್ತ್ರೀಯ ಹೆಸರು ಒರೈಜಾ ನಿವಾರಾ. ನಮ್ಮ ಹಿರಿಯರು 'ನೀವಾರ' ಅಂತ ಋಷಿಗಳ ಆಹಾರ ಹೇಳುತ್ತಾರಲ್ಲ, ಅದೇ ಮಾತು. ಭತ್ತದ ತಳಿ ವಿಜ್ಞಾನಿ ಗುರುದೇವ್ ಖುಷ್ ಮತ್ತು ಜೊತೆಗಾರರು ಆ ಗುಣವನ್ನು ಊರಿನ ಭತ್ತಕ್ಕೆ ತಂದರು, ಐಆರ್36 ಅನ್ನುವ ತಳಿಯಲ್ಲಿ ಅದು ಇದೆ. ಹುಲ್ಲು ಅಂತ ನಾವು ಕಿತ್ತು ಬಿಸಾಡುವ ಗಿಡ ಅದು.

ಆದರೆ ಒಂದು ಎಚ್ಚರ. ಹುಳಕ್ಕೆ ತಡೆ ಇರುವ ತಳಿ ಬೇರೆ, ವೈರಸ್ಸಿಗೆ ತಡೆ ಇರುವ ತಳಿ ಬೇರೆ. ಹುಳಕ್ಕೆ ತಡೆ ಇದ್ದರೆ ಅದು ಸಕ್ಕರೆ ನಾಳ ಬಿಟ್ಟು ನೀರಿನ ನಾಳದಿಂದ ಕುಡಿಯುತ್ತದೆ, ಕಾಗದದ ನೀಲಿ ಚುಕ್ಕೆ ಕಡಿಮೆಯಾಗುತ್ತದೆ. ಕೆಲವು ವರ್ಷ ಚೆನ್ನಾಗಿ ನಡೆಯುತ್ತದೆ. ಆಮೇಲೆ ಹುಳ ಒಗ್ಗಿಕೊಳ್ಳುತ್ತದೆ. ಫಿಲಿಪ್ಪೀನ್ಸ್, ಇಂಡೋನೇಷ್ಯಾ ಎರಡೂ ಕಡೆ ಇದೇ ಆಯಿತು. ವೈರಸ್ಸಿಗೇ ತಡೆ ಇರುವ 'ಉತ್ರಿ ಮೇರಾ' ಥರದ ಇಂಡೋನೇಷ್ಯಾದ ಹಳೆಯ ತಳಿಗಳ ಮೇಲೆ ನನಗೆ ಭರವಸೆ ಜಾಸ್ತಿ.

ಪ್ರಶ್ನೆಗಳು ತುಂಬಾ ಬಂದವು. ಒಬ್ಬರು ಅಡಿಕೆಯ ಹಳದಿ ಎಲೆ ರೋಗದ ಬಗ್ಗೆ ಕೇಳಿದರು. ಅದನ್ನೂ ಒಂದು ಜಿಗಿಹುಳವೇ ಹರಡುತ್ತದೆ, ಆದರೆ ಹೊರುವುದು ವೈರಸ್ಸಲ್ಲ, ಫೈಟೋಪ್ಲಾಸ್ಮಾ ಅನ್ನುವ ಗೋಡೆ ಇಲ್ಲದ ಬ್ಯಾಕ್ಟೀರಿಯಾ. ಅದಕ್ಕೆ ಇನ್ನೊಂದು ಸಂಜೆ ಬೇಕು. ರೋಗದ ಗಿಡದ ಅಕ್ಕಿ ತಿಂದರೆ ನಮಗೆ ಏನಾದರೂ ಆಗುತ್ತದಾ ಅಂತ ಒಬ್ಬ ಹುಡುಗ ಕೇಳಿದ. ಇಲ್ಲಪ್ಪ, ಅಕ್ಕಿ ಸಿಕ್ಕರೆ ಧಾರಾಳವಾಗಿ ತಿನ್ನು ಅಂದೆ.

ಹಿಂದಿನ ಸಾಲಿನಿಂದ ಒಬ್ಬರು ಅಜ್ಜಿ ಕೇಳಿದರು: "ಅಲ್ಲ ಮಾರಾಯ್ರೆ, ಹುಳದ ಹೊಟ್ಟೆಯೊಳಗೆ ಅಷ್ಟೆಲ್ಲ ಬೆಳೀತದಲ್ಲ, ಅದಕ್ಕೆ ಜ್ವರ ಬರುದಿಲ್ವಾ?" ಇಡೀ ಸಂಜೆಯ ಅತಿ ಒಳ್ಳೆಯ ಪ್ರಶ್ನೆ ಅದು. ಬರುತ್ತದೆ. ಕುಬ್ಜ ವೈರಸ್ಸು ಹೊತ್ತ ಜಿಗಿಹುಳ ಬೇರೆಯವಕ್ಕಿಂತ ಕಡಿಮೆ ದಿನ ಬದುಕುತ್ತದೆ, ಕಡಿಮೆ ಮೊಟ್ಟೆ ಇಡುತ್ತದೆ. ಆದರೆ ಸಾಯಿಸುವಷ್ಟು ಅಲ್ಲ. ಹೊತ್ತು ತಿರುಗುವವನೇ ಸತ್ತರೆ ವೈರಸ್ಸು ಎಲ್ಲಿಗೆ ಹೋದೀತು? "ಪಾಪ" ಅಂದರು ಅಜ್ಜಿ. ಯಾರಿಗೆ ಪಾಪ ಅಂದರೋ ಗೊತ್ತಾಗಲಿಲ್ಲ.

ಸಭೆ ಮುಗಿದ ಮೇಲೆ ಇಬ್ಬರು ಬಂದು, ನಮ್ಮ ಗದ್ದೆಯಲ್ಲೂ ಹಳದಿ ಇದೆ ಸಾರ್, ನೋಡ್ತೀರಾ ಅಂದರು. ಮರುದಿನ ಬೆಳಗ್ಗೆ ಐದೂವರೆಗೆ ಟಾರ್ಚ್ ಹಿಡಿದು ಹೋದೆವು. ಈ ಸಲ ಕೆಸರಿಗೆ ಇಳಿದೆ. ಹನ್ನೆರಡು ಎಲೆ ಕತ್ತರಿಸಿ, ಅವರ ಮನೆಯ ಜಗಲಿಯಲ್ಲಿ ಲೋಟದಲ್ಲಿ ಅಯೋಡಿನ್ ಮಾಡಿ ಅದ್ದಿದೆವು. ಕಾಫಿ ಕುಡಿಯುವಷ್ಟರಲ್ಲಿ ಕಾಲು ಗಂಟೆ ಆಯಿತು. ತೆಗೆದು ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟೆವು. ಒಂದೂ ನೀಲಿ ಇರಲಿಲ್ಲ. ಈ ಸಲ ನಿಜವಾಗಿಯೂ ಸತುವಿನ ಕೊರತೆಯೇ ಇರಬೇಕು ಅನ್ನಿಸಿತು. ಆದರೂ ಬಾಯಿ ಬಿಡಲಿಲ್ಲ, ಮೊದಲು ಮಣ್ಣು ಪರೀಕ್ಷೆಗೆ ಕಳಿಸಿ ಅಂದೆ.